ಹನ್ನೆರಡು ತಿಂಗಳ ಕಡಲು

ಮಳೆಗೆ ನೆನೆದ ಉಣ್ಣೆಗೆ ಒಂದು ವಾಸನೆಯಿರುತ್ತದೆ. ನಮ್ಮ ಠಾಣೆ ಪಟ್ಟಣದಲ್ಲಿ ಅದು ಅಪರೂಪ. ಉಣ್ಣೆ ತೊಡುವಷ್ಟು ಚಳಿ ಇಲ್ಲಿ ಬೀಳುವುದೇ ಇಲ್ಲ. ಹೋದ ಮಳೆಗಾಲದಲ್ಲಿ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ ನನ್ನ ಪಕ್ಕ ಕೂತ ಮುದುಕಿಯೊಬ್ಬಳ ಸ್ವೆಟರು ತೊಯ್ದು ತೊಪ್ಪೆಯಾಗಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಹತ್ತು ವರ್ಷದವಳಾಗಿ ಕೋಪರಿಯ ನಮ್ಮ ಹಳೆಯ ಮನೆಯ ಬಾಗಿಲ ಹಿಂದೆ, ಮೊಳೆಗೆ ತೂಗುಹಾಕಿದ್ದ ಸುಲೋಚನಾ ಅತ್ತೆಯ ಬೂದು ಕೋಟಿನಲ್ಲಿ ಮುಖ ಹುದುಗಿಸಿ ನಿಂತಿದ್ದೆ. ಇಳಿಯಬೇಕಾದ ಸ್ಟೇಷನ್ ಯಾವಾಗ ದಾಟಿತೋ ತಿಳಿಯಲಿಲ್ಲ.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ನರ್ಸಾಗಿ ಸ್ಕಾಟ್ಲೆಂಡಿಗೆ ಹೋಗಿ, ಕಡಲ ದಡದ ಒಂದು ಪುಟ್ಟ ಊರಿನ ವೃದ್ಧಾಶ್ರಮದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಅಜ್ಜಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದಾಗ, ಯಾರೂ ಕರೆಯದೆಯೇ ಎಲ್ಲ ಬಿಟ್ಟು ಬಂದಳು. ರೈಲಿನ ಅನೌನ್ಸ್‌ಮೆಂಟು ಅಡುಗೆಮನೆಯವರೆಗೂ ಕೇಳಿಸುತ್ತಿದ್ದ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಜ್ಜಿಯ ಮಂಚದ ಕೆಳಗೆ ಚಾಪೆ ಹಾಸಿ ಅತ್ತೆ, ಅವಳ ಪಕ್ಕಕ್ಕೆ ನಾನು. ಅಜ್ಜಿಯ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅವಳು ಆ ಊರಿನ ಕಥೆ ಹೇಳುತ್ತಿದ್ದಳು. ಅಲ್ಲಿಯವರಿಗೆ ಕಡಲಿಗೆ ಹೋಗಲು ಬೇಸಿಗೆಯೇ ಆಗಬೇಕೆಂದಿಲ್ಲವಂತೆ. ಜನವರಿಯ ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ಕೋಟು ತೊಟ್ಟು ನಾಯಿ ಹಿಡಿದುಕೊಂಡು ನಡೆಯುತ್ತಾರಂತೆ. ಕಲ್ಲುಗೋಡೆಯ ಮರೆಯಲ್ಲಿ ಕೂತು, ಕಾಗದದಲ್ಲಿ ಸುತ್ತಿದ ಬಿಸಿಬಿಸಿ ಕರಿದ ಮೀನನ್ನು ವಿನಿಗರ್ ಚಿಮುಕಿಸಿ ತಿನ್ನುತ್ತಾರಂತೆ. ಜೂನ್‌ನಲ್ಲಿ ಊಟವಾಗಿ ಪಾತ್ರೆ ತೊಳೆದಿಟ್ಟರೂ ಹೊತ್ತು ಮುಳುಗುವುದಿಲ್ಲವಂತೆ. ಎಲೆ ಉದುರುವ ಕಾಲಕ್ಕೆ ಬಂಡೆಗಳ ಮೇಲೆ ಸೀಲ್ ಎಂಬ ಕಡಲಪ್ರಾಣಿಗಳು ಮರಿ ಹಾಕಿಕೊಂಡು ಮಲಗಿರುತ್ತವಂತೆ.

ಅಲ್ಲಿ ಅತ್ತೆಗೆ ಜೀನ್ ಎಂಬ ಮುದುಕಿ ಗೆಳತಿಯಿದ್ದಳು. ರಜೆಯ ದಿನಗಳಲ್ಲಿ ಅತ್ತೆ ಉಳಿಯುತ್ತಿದ್ದುದು ಅವಳ ಮನೆಯ ಮಹಡಿಯ ಕೋಣೆಯಲ್ಲಿ. ಕಿಟಕಿ ತೆರೆದರೆ ಎದುರಿಗೇ ನೀರು. "ನಿನ್ನ ಹತ್ತನೇ ಕ್ಲಾಸ್ ಮುಗೀಲಿ, ನಿನ್ನನ್ನು ಕರ್ಕೊಂಡು ಹೋಗ್ತೇನೆ" ಎನ್ನುತ್ತಿದ್ದಳು ಅತ್ತೆ. "ಯಾವ ತಿಂಗಳು ಅತ್ತೆ?" ಎಂದರೆ ನಗುತ್ತಿದ್ದಳು. "ಯಾವುದಾದ್ರೂ ಆದೀತು ಮಾರಾಯ್ತಿ. ಕಡಲಿಗೆಂತ, ಅದು ಬಾಗಿಲು ಹಾಕ್ತದಾ?"

ಅಲ್ಲಿಯವರೆಗೆ ನಮಗೆ ಹತ್ತಿರದ ಕಡಲೂರು ಉರಣವೇ ಸ್ಕಾಟ್ಲೆಂಡ್. ತಿಂಗಳಿಗೊಂದು ಆದಿತ್ಯವಾರ ಅಜ್ಜಿಯನ್ನು ಅಮ್ಮನಿಗೆ ಒಪ್ಪಿಸಿ ನಾವಿಬ್ಬರೂ ಹೊರಡುತ್ತಿದ್ದೆವು. ಠಾಣೆಯಿಂದ ರೈಲಿನಲ್ಲಿ ಜುಯಿನಗರ, ಅಲ್ಲಿಂದ ಕಂಟೇನರ್ ಲಾರಿಗಳ ಸಾಲಿನ ನಡುವೆ ನುಸುಳುವ ಬಸ್ಸು. ಮೇ ತಿಂಗಳಲ್ಲಿ ಅಂಗಾಲು ಸುಡುತ್ತಿತ್ತು, ಡಿಸೆಂಬರಿನಲ್ಲಿ ಮರಳು ತಣ್ಣಗೆ ಅಕ್ಕಿಹಿಟ್ಟಿನಂತಿರುತ್ತಿತ್ತು. ಮಳೆಗಾಲದಲ್ಲಿ ಇಡೀ ದಡಕ್ಕೆ ನಾವಿಬ್ಬರೇ. ಅತ್ತೆ ಆ ಕೋಟು ಹೊದ್ದು, ಅದರ ಒಂದು ಮಗ್ಗುಲನ್ನು ನನ್ನ ತಲೆಯ ಮೇಲೆ ಎಳೆದು, ಮಣ್ಣುಬಣ್ಣದ ತೆರೆಗಳನ್ನು ನೋಡುತ್ತ ಸುಮ್ಮನೆ ಕೂತಿರುತ್ತಿದ್ದಳು.

ಒಂದು ಶ್ರಾವಣದಲ್ಲಿ ಅತ್ತೆ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಳು. ಅಪ್ಪ ರೇಗಿದ. "ಈ ಮಳೇಲಿ? ಜನ ಎಂತ ಹೇಳಿಯಾರು?" ಅತ್ತೆ ಹೋಗಿ ವ್ಯಾನ್ ಮಾತಾಡಿ ಬಂದಳು. ಅಪ್ಪ ಮುಖ ಗಂಟಿಕ್ಕಿಕೊಂಡೇ ಅಜ್ಜಿಯನ್ನು ಎತ್ತಿ ಎರಡು ಮಹಡಿ ಇಳಿಸಿದ. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದ ಅಜ್ಜಿ ಇಪ್ಪತ್ತು ವರ್ಷಗಳಿಂದ ಕಡಲು ಕಂಡಿರಲಿಲ್ಲ. ಉರಣದ ದಡದಲ್ಲಿ ಗಾಲಿಕುರ್ಚಿ ಮರಳಿನಲ್ಲಿ ಹೂತಿತು. ಅಪ್ಪ, ಅತ್ತೆ ಇಬ್ಬರೂ ಅದನ್ನು ಎತ್ತಿ ನೀರಿನ ಅಂಚಿಗೆ ಇಟ್ಟರು. ನೊರೆ ಬಂದು ಅಜ್ಜಿಯ ಪಾದ ತೊಳೆಯಿತು. ಲಕ್ವ ಹೊಡೆದ ಮೇಲೆ ಅವಳ ಮಾತು ನಮಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಅವತ್ತು ಮಾತ್ರ ಸ್ಪಷ್ಟವಾಗಿ ಕೇಳಿದಳು: "ಇದು ನಮ್ಮ ಮಲ್ಪೆದ್ದೇ ನೀರಲ್ವಾ?" ಅಪ್ಪ ಹೌದೆಂದು ತಲೆಯಾಡಿಸಿ, ಮಳೆಗೆ ಬೆನ್ನು ಹಾಕಿ ನಿಂತು ಅತ್ತ.

ಎರಡು ವರ್ಷದ ಮೇಲೆ ಅಜ್ಜಿ ಹೋದಳು. ಮನೆಯಲ್ಲಿ ಒಂದು ಮಂಚದಷ್ಟು ಜಾಗ ಖಾಲಿಯಾಯಿತು. ಇನ್ನು ಅತ್ತೆಯನ್ನು ಇಲ್ಲಿ ಕಟ್ಟಿಹಾಕುವುದು ಏನೂ ಇಲ್ಲವೆಂದು ದೊಡ್ಡವರು ಮಾತಾಡಿಕೊಳ್ಳುವುದು ನನ್ನ ಕಿವಿಗೆ ಬೀಳುತ್ತಿತ್ತು. ನಾನು ಆಗ ಒಂಬತ್ತನೆಯ ಕ್ಲಾಸು. ದೀಪಾವಳಿ ರಜೆಗೆ ಮುಂಚೆ ಒಂದು ಮಧ್ಯಾಹ್ನ, ಶಾಲೆಯಿಂದ ಬರುವಾಗ ಕೆಳಗಿನ ಟಪಾಲು ಪೆಟ್ಟಿಗೆಯಲ್ಲಿ ಜೀನಳ ಕಾಗದವಿತ್ತು. ಮೆಟ್ಟಿಲಲ್ಲೇ ಒಡೆದು ಓದಿದೆ. ಬಿದ್ದು ಸೊಂಟ ಮುರಿದಿದೆ, ಮಹಡಿಯ ಕೋಣೆ ಹಾಗೇ ಇದೆ, ಒಮ್ಮೆ ಬಂದು ಹೋಗು, ಬೇಗ, ಎಂದು ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದಳು. ಹೋದರೆ ಅತ್ತೆ ತಿರುಗಿ ಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಕಾಗದವನ್ನು ಭೂಗೋಳದ ಪುಸ್ತಕದ ರಟ್ಟಿನೊಳಗೆ ತುರುಕಿದೆ.

ಮೂರು ವಾರ ಅತ್ತೆಯ ಮುಖ ನೋಡಿ ಉಣ್ಣಲು ಆಗಲಿಲ್ಲ. ಜ್ವರವೇನೋ ಎಂದು ಅವಳು ಹಣೆ ಮುಟ್ಟಿ ನೋಡುತ್ತಿದ್ದಳು. ಕೊನೆಗೊಂದು ಸಂಜೆ, ಅವಳು ನನ್ನ ಜಡೆ ಹಾಕುತ್ತಿದ್ದಾಗ ಅಳುತ್ತಲೇ ಕಾಗದ ತೆಗೆದುಕೊಟ್ಟೆ. ಅವಳು ಓದಿದಳು, ಅರ್ಧ ಹಾಕಿದ ಜಡೆಯನ್ನು ಪೂರ್ತಿ ಹೆಣೆದು ಮುಗಿಸಿದಳು, ಆಮೇಲೆ ಎದ್ದು ಸ್ಟೇಷನ್ ಬಳಿಯ ಫೋನ್ ಬೂತಿಗೆ ಹೋದಳು. ನಾನು ಹಿಂದೆಯೇ ಓಡಿದೆ. ಗಾಜಿನಾಚೆ ಅವಳ ತುಟಿ ಅಲುಗುವುದು ಕಂಡಿತು, ಆಮೇಲೆ ನಿಂತಿತು. ಫೋನ್ ಎತ್ತಿದವನು ಜೀನಳ ಮಗ. ತಾಯಿ ತೀರಿಹೋಗಿ ಹತ್ತು ದಿನವಾಯಿತಂತೆ. ಸುಲೋಚನಾ ಉತ್ತರ ಬರೆದಳಾ ಎಂದು ದಿನಾ ಕೇಳುತ್ತಿದ್ದಳಂತೆ. ದಾರಿಯಲ್ಲಿ ಅತ್ತೆ ಹೇಳಿದ್ದು ಇಷ್ಟೇ. ಬೈಯಲೂ ಇಲ್ಲ. ಮುಂದಿನ ಆದಿತ್ಯವಾರ ಅವಳೊಬ್ಬಳೇ ಉರಣಕ್ಕೆ ಹೋದಳು. ಅದರ ಮುಂದಿನ ತಿಂಗಳೂ. ನಾನು ಮನೆಮುಂದಿನ ಗ್ಯಾಲರಿಯಲ್ಲಿ ನಿಂತು, ಅವಳು ಸ್ಟೇಷನ್ ದಾರಿಯಲ್ಲಿ ಸಣ್ಣಗಾಗುವುದನ್ನು ನೋಡುತ್ತಿದ್ದೆ.

ಫೆಬ್ರವರಿಯ ಒಂದು ಬೆಳಿಗ್ಗೆ ನನ್ನ ಹೊದಿಕೆ ಎಳೆದಳು. "ಏಳು, ಹೋಗುವ." ಬಸ್ಸು ಅರ್ಧ ದಾರಿ ಕಳೆದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಅಂದಳು: "ಹೋಗಿ ವಾಪಸ್ ಬರ್ತಿದ್ದೆ ಮಗಾ. ಅಷ್ಟು ನಂಬಿಕೆ ಇರ್ಲಿಲ್ವ ನಿಂಗೆ?" ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಅವಳು ಮತ್ತೆ ಜೀನಳ ಊರಿಗೆ ಹೋಗಲಿಲ್ಲ. ನನ್ನ ಹತ್ತನೆಯ ಕ್ಲಾಸು ಮುಗಿಯಿತು, ಕಾಲೇಜೂ ಮುಗಿಯಿತು. ಸ್ಕಾಟ್ಲೆಂಡಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಠಾಣೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ನಮ್ಮ ಬಿಲ್ಡಿಂಗ್ ಕೆಡವಿ ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು, ನಾವು ಡೊಂಬಿವಲಿಯ ಬಾಡಿಗೆ ಮನೆಗೆ ಬಂದೆವು. ಅಲ್ಲಿಯೇ, ಚಳಿಗಾಲದ ಒಂದು ಬೆಳಿಗ್ಗೆ ಹಾಲು ಕಾಯಿಸಲು ಎದ್ದ ಅತ್ತೆ ಕುಸಿದಳು, ಮತ್ತೆ ಏಳಲಿಲ್ಲ. ಕೋಪರಿಯ ಆ ಜಾಗದಲ್ಲಿ ಈಗ ಇಪ್ಪತ್ತೆರಡು ಮಹಡಿ ಎದ್ದಿದೆ. ನಮಗೆ ಸಿಕ್ಕಿದ್ದು ಹದಿನಾಲ್ಕನೆಯದು. ಗ್ಯಾಲರಿಯಿಂದ ದೂರದಲ್ಲಿ, ಕಡಲು ಒಳಚಾಚಿದ ಖಾಡಿಯ ನೀರು ಮಿನುಗುವುದು ಕಾಣಿಸುತ್ತದೆ. ಇಷ್ಟೆತ್ತರದಿಂದ ಅದನ್ನು ಅತ್ತೆ ನೋಡಲಿಲ್ಲ. ಆಫೀಸಿಗೆ ಕೊಡಲು ರಜೆಯ ಅರ್ಜಿ ಬರೆದಿಟ್ಟಿದ್ದೇನೆ, ಪಾಸ್‌ಪೋರ್ಟ್ ಇದೆ, ಜೀನಳ ಊರಿನ ಹೆಸರೂ ಬಾಯಿಪಾಠ. ಅರ್ಜಿಯಲ್ಲಿ ಯಾವ ತಿಂಗಳು ಎಂದು ಬರೆಯುವ ಜಾಗ ಮಾತ್ರ ಎರಡು ವರ್ಷದಿಂದ ಖಾಲಿಯಿದೆ.