ಕೊಟ್ರಮ್ಮನ ಕೂಸು ಯಾವುದು

ಹರಿಹರದ ಪೇಟೆಯಲ್ಲಿ ಹಗ್ಗ, ಸರಪಳಿ, ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಕರಿಬಸವರಾಜರ ಮಗಳು ವಾಣಿಶ್ರೀ ನರ್ಸಿಂಗ್ ಪಾಸು ಮಾಡಿ ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದ್ದು ೧೯೯೮ರ ಜೂನ್ ತಿಂಗಳಲ್ಲಿ. ಆ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಕೆಲಸಕ್ಕೆಂದು ಊರು ದಾಟಿದ್ದು ಅದೇ ಮೊದಲು. ಮೊದಲ ದಿನ ಅವಳ ತಾಯಿ ಗುರುಶಾಂತಮ್ಮ ಪೂಜೆ ಮುಗಿಸಿ, ಮಗಳ ಹಣೆಗೆ ವಿಭೂತಿ ಹಚ್ಚಿ, ಬಸ್ ನಿಲ್ದಾಣದವರೆಗೂ ಬಂದಿದ್ದರು. ಮಗಳ ಮುಖ ಬಿಳಿಚಿಕೊಂಡಿದ್ದನ್ನು ಅವರು ನೋಡಿದರು. ಹೊಸ ಜಾಗದ ಅಂಜಿಕೆ ಇರಬೇಕೆಂದು ಸುಮ್ಮನಾದರು.

ಅದು ಹೊಸ ಜಾಗದ ಅಂಜಿಕೆ ಆಗಿರಲಿಲ್ಲ. ವಾಣಿಶ್ರೀ ತರಬೇತಿಯ ಕೊನೆಯ ವರ್ಷದಲ್ಲಿ ಒಂದು ತಪ್ಪು ಮಾಡಿದ್ದಳು. ಮಕ್ಕಳ ವಾರ್ಡಿನಲ್ಲಿ ಸಿರಿಂಜು ಹಿಡಿದು, "ಕೊಟ್ರೇಶಾ?" ಎಂದು ಕೂಗಿದಳು. ಕಿಟಕಿ ಪಕ್ಕದ ಹಾಸಿಗೆಯ ಹುಡುಗ "ಹೂಂ" ಎಂದ. ಅವನಿಗೇ ಚುಚ್ಚಿದಳು. ಬಾಗಿಲ ಬಳಿಯ ಹಾಸಿಗೆಯಲ್ಲಿ ಇನ್ನೊಬ್ಬ ಕೊಟ್ರೇಶ ಮಲಗಿದ್ದ, ಔಷಧಿ ಅವನದು. ಕೊಟ್ಟೂರಿನ ಸ್ವಾಮಿಗೆ ಹರಕೆ ಹೊತ್ತು ಹಡೆದವರೆಲ್ಲ ಮಗನಿಗೆ ಕೊಟ್ರೇಶ, ಮಗಳಿಗೆ ಕೊಟ್ರಮ್ಮ ಎಂದು ಹೆಸರಿಡುವ ಸೀಮೆ ಇದು. ಒಂದು ವಾರ್ಡಿನಲ್ಲಿ ಇಬ್ಬರು ಮೂವರು ಇದ್ದೇ ಇರುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೆ. ಹುಡುಗನಿಗೆ ಮೈತುಂಬ ಗಂಧೆ ಎದ್ದು ಚಳಿ ಬಂತು. ಸಂಜೆಯ ಹೊತ್ತಿಗೆ ಅವನು ಎದ್ದು ಬಿಸ್ಕತ್ತು ತಿಂದ. ಗಂಧೆ ಯಾಕೆ ಎದ್ದಿತೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಹರಿಹರೇಶ್ವರನ ಗುಡಿಗೆ ಹೋಗಿ ಕಂಬದ ಮರೆಯಲ್ಲಿ ನಿಂತು ಒಂದನ್ನೇ ಬೇಡುತ್ತಿದ್ದಳು: ನನ್ನ ಕೈಯಿಂದ ಒಂದು ಜೀವ ಹೋಗದ ಹಾಗೆ ನೋಡಿಕೋ.

ಆಸ್ಪತ್ರೆಯ ಮೇಟ್ರನ್ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಹೊಸಬರನ್ನು ಸಾಲಾಗಿ ನಿಲ್ಲಿಸಿ, "ದಿನಕ್ಕೊಂದು ಕಡೆ ಕೆಲಸ ಮಾಡ್ರಿ. ಶನಿವಾರ ಬಂದು ಎಲ್ಲಿರ್ತೀರಿ ಅಂತ ನೀವೇ ಹೇಳ್ರಿ. ಆಮೇಲೆ ಒಂದು ವರ್ಷ ಬದಲಿ ಇಲ್ಲ. ಅತ್ತರೂ ಇಲ್ಲ, ಲಗ್ನ ಆದರೂ ಇಲ್ಲ" ಎಂದರು.

ವಾಣಿಶ್ರೀ ಅಷ್ಟರಲ್ಲೇ ತೀರ್ಮಾನಿಸಿಬಿಟ್ಟಿದ್ದಳು. ಕಣ್ಣಿನ ಹೊರರೋಗಿ ವಿಭಾಗ. ಬೆಳಿಗ್ಗೆ ಬಂದು ಸಂಜೆ ಹೋಗುವುದು. ಚೀಟಿ ಬರೆಯುವುದು, ಕಣ್ಣಿಗೆ ಹನಿ ಹಾಕುವುದು, ಗೋಡೆಯ ಅಕ್ಷರ ಓದಿಸುವುದು. ಕಣ್ಣಿನ ಹನಿಯಿಂದ ಯಾರೂ ಸಾಯುವುದಿಲ್ಲ. ಅಪ್ಪನಿಗೂ ಅದೇ ಬೇಕಿತ್ತು. "ದೀಪ ಹಚ್ಚೋ ಹೊತ್ತಿಗೆ ಮನೇಲಿರ್ಬೇಕು ನೋಡು" ಎಂದು ಅವರು ಮೊದಲೇ ಹೇಳಿದ್ದರು. ಸೋಮವಾರ ಅವಳನ್ನು ಆ ವಿಭಾಗಕ್ಕೇ ಹಾಕಿದಾಗ, ಎಷ್ಟೋ ತಿಂಗಳ ಮೇಲೆ ಮೊದಲ ಸಲ ಬಾಯಿಗೆ ಅನ್ನ ರುಚಿಸಿತು.

ಗುರುವಾರ ಅವಳ ಪಾಳಿ ನವಜಾತ ಶಿಶುಗಳ ಕೋಣೆಗೆ ಬಂತು.

ಚಪ್ಪಲಿ ಹೊರಗೆ ಬಿಟ್ಟು, ಮೊಣಕೈವರೆಗೆ ಕೈ ತೊಳೆದು ಒಳಗೆ ಕಾಲಿಟ್ಟಾಗ ಬಿಸಿಗಾಳಿ ಮುಖಕ್ಕೆ ಬಡಿಯಿತು. ಹೀಟರಿನ ಕೆಳಗಿನ ತೊಟ್ಟಿಲುಗಳಲ್ಲಿ ಆರು ಕೂಸುಗಳು. ಒಂದೊಂದೂ ಅಂಗೈಯಲ್ಲಿ ಹಿಡಿಸುವಷ್ಟು. ಎದೆಯ ಚರ್ಮ ಒಳಕ್ಕೆ ಹೊರಕ್ಕೆ ಎಳೆದಾಡುತ್ತಿತ್ತು. ನಾಲ್ಕನೆಯ ತೊಟ್ಟಿಲ ಹೀಟರು ಕೆಟ್ಟು, ಅದನ್ನು ಗೋಡೆಗೆ ಸರಿಸಿದ್ದರು. ವಾಣಿಶ್ರೀ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು, ಯಾರಾದರೂ ಏನಾದರೂ ಕೊಟ್ಟುಬಿಟ್ಟಾರು ಎಂಬ ಹಾಗೆ.

ಅಲ್ಲಿಯ ಹಿರಿಯ ಸಿಸ್ಟರ್ ಅಖ್ತರ್ ಬಾನು. ಐವತ್ತರ ಹತ್ತಿರದ, ತೆಳ್ಳನೆಯ ಹೆಂಗಸು. "ಕೈ ಯಾಕ ಹಿಂದಕ್ಕೆ ಇಟ್ಕಂಡೀಯ? ಫೋಟೋ ತೆಗೆಸ್ತೀಯೇನು?" ಎಂದು ನಕ್ಕು, ಒಂದೇ ಒಂದು ಪಾಠ ಹೇಳಿದರು. "ಇಲ್ಲಿರೋರಿಗೆ ಇನ್ನೂ ಹೆಸರಿಲ್ಲ, ಬೇಟಿ. ಎಲ್ಲಾ ತಾಯಿ ಹೆಸರಿನ ಮ್ಯಾಲೆ. ತಾಯಿ ಹೆಸರು, ಗಂಡನ ಹೆಸರು, ಊರು, ಮೂರೂ ಕೂಡ್ಬೇಕು. ಇನ್ನೊಂದು ಮಾತು. ಹೆಸರು ನೀನು ಹೇಳ್ಬ್ಯಾಡ. ಅವರ ಬಾಯಿಂದ ಬರ್ಲಿ. ನೀನು ಏನು ಕೇಳಿದ್ರೂ ಪಾಪ, ಅವ್ರು ಹೂಂ ಅಂತಾರ."

ವಾಣಿಶ್ರೀಗೆ ಕಿಟಕಿ ಪಕ್ಕದ ಹುಡುಗನ "ಹೂಂ" ಕಿವಿಯಲ್ಲೇ ಕೇಳಿದಂತಾಯಿತು.

ಹನ್ನೊಂದು ಗಂಟೆಗೆ ಹೆರಿಗೆ ಕೋಣೆಯಿಂದ ಕರೆ ಬಂದು ಅಖ್ತರ್ ಬಾನು ಓಡಿದರು. ಒಳಗೆ ಉಳಿದವರು ವಾಣಿಶ್ರೀ, ಆಯಾ ಕರಿಯವ್ವ, ಮತ್ತು ಡಾಕ್ಟರಾಗಿ ಇನ್ನೂ ವರ್ಷ ತುಂಬದ ಬಸವಕಿರಣ್. ಡಾಕ್ಟರು ಮೂರನೆಯ ತೊಟ್ಟಿಲಿಗೆ ತೂಗುಹಾಕಿದ್ದ ಕೇಸ್ ಶೀಟು ನೋಡಿ, ಒಂದು ಔಷಧಿಯನ್ನು ತಾವೇ ಲೆಕ್ಕ ಹಾಕಿ ಸಿರಿಂಜಿಗೆ ಎಳೆದು ಅವಳ ಕೈಗಿಟ್ಟರು. "ಬೆಳಿಗ್ಗೆ ಎರಡು ಸಲ ಫಿಟ್ಸ್ ಬಂದೈತೆ ಈ ಮಗೂಗೆ. ನಿಧಾನಕ್ಕೆ ಕೊಡ್ರಿ ಸಿಸ್ಟರ್" ಎಂದು ಫೋನಿನ ಕಡೆ ನಡೆದರು.

ಅವಳು ತೊಟ್ಟಿಲ ಬಳಿ ನಿಂತಳು. ಶೀಟಿನಲ್ಲಿ ಬರೆದಿತ್ತು: ಕೊಟ್ರಮ್ಮ, ಗಂಡ ಸೂರಪ್ಪ, ಕುಕ್ಕುವಾಡ. ಕೂಸಿನ ಕಾಲಿಗೆ ಅಂಟಿಸಿದ್ದ ಪಟ್ಟಿಯಲ್ಲಿ ಶಾಯಿ ಅಳಿಸಿ, "ಕೊಟ್ರಮ್ಮ, ಕುಕ್ಕು" ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಸರಿಯಾಗಿಯೇ ಇದೆ. ಕೊಡಬಹುದು. ಆದರೂ ಅವಳ ಕಣ್ಣು ಪಕ್ಕದ ಐದನೆಯ ತೊಟ್ಟಿಲಿಗೆ ಹೋಯಿತು. ಅಲ್ಲಿಯೂ ಗಂಡು ಕೂಸು, ಅಷ್ಟೇ ಗಾತ್ರ. ಕಾಲಿನ ಪಟ್ಟಿಯೂ ಹಾಗೇ ಅಳಿಸಿತ್ತು. ಅಲ್ಲಿಯ ಶೀಟು: ಕೊಟ್ರಮ್ಮ, ಗಂಡ ಮಾಲತೇಶ್, ಕುಕ್ಕುವಾಡ. ನಡುನಡುವೆ ಉಸಿರು ನಿಲ್ಲುತ್ತದೆ, ಜೋಪಾನ, ಎಂದು ಕೆಂಪು ಶಾಯಿಯಲ್ಲಿ ಬರೆದಿತ್ತು.

ಕೈಯಲ್ಲಿದ್ದ ಔಷಧಿ ಫಿಟ್ಸ್ ನಿಲ್ಲಿಸುತ್ತದೆ, ಉಸಿರನ್ನೂ ಕುಗ್ಗಿಸುತ್ತದೆ. ಇದು ಅವಳು ಪರೀಕ್ಷೆಗೆ ಬಾಯಿಪಾಠ ಮಾಡಿದ ಮಾತು.

"ಕರಿಯವ್ವಾ, ಈ ಕೂಸು ಯಾರದು?"

"ಕೊಟ್ರಮ್ಮಂದು."

"ಅದು?"

"ಅದೂ ಕೊಟ್ರಮ್ಮಂದೇ" ಎಂದು ಕರಿಯವ್ವ ನೆಲ ಒರೆಸುತ್ತಲೇ ನಕ್ಕಳು. "ಒಬ್ಬಾಕಿ ಕುಕ್ಕುವಾಡಕ್ಕೆ ಸೊಸೆಯಾಗಿ ಬಂದಾಕಿ. ಇನ್ನೊಬ್ಬಾಕಿಗೆ ಅದು ತವರು, ಚೊಚ್ಚಲು ಹೆರಿಗೇಗೆ ಬಂದಾಳ. ಗಂಡನ ಮನೆ ಆನಗೋಡು. ಕರಕಂಡು ಬಂದೋರು ತಮ್ಮೂರಿನ ಹೆಸರೇ ಬರೆಸ್ಯಾರ."

ಮತ್ತೊಮ್ಮೆ ಅದೇ. ಅದೇ ಹೆಸರು, ಅದೇ ಸಿರಿಂಜು. ವಾಣಿಶ್ರೀಗೆ ಓಡಿಹೋಗಿ ಬಸ್ಸು ಹತ್ತಿಬಿಡೋಣ ಅನ್ನಿಸಿತು. ಆದರೂ ಕರಿಯವ್ವನ ಕಡೆ ತಿರುಗಿದಳು.

"ಇಬ್ಬರಲ್ಲಿ ಯಾರಾದ್ರೂ ಹೊರಗೆ ಇದ್ದಾರೇನು?"

"ಒಬ್ಬಾಕಿ ಆಪರೇಷನ್ ಆಗಿ ಮ್ಯಾಲೆ ಮಲಗ್ಯಾಳ. ಇನ್ನೊಬ್ಬಾಕಿ ಇಲ್ಲೇ ಬೆಂಚಿನ ಮ್ಯಾಲೆ ಅದಾಳ."

"ಕರೀರಿ."

ಇಪ್ಪತ್ತು ತುಂಬದ ಹುಡುಗಿ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ಒಳಗೆ ಬಂದಳು. ನಿಮ್ಮ ಮಗು ಯಾವುದು ಎಂದು ಕೇಳಿದ ಕೂಡಲೇ ಎರಡೂ ತೊಟ್ಟಿಲು ನೋಡಿ, ಮೂರನೆಯದರ ಬಳಿ ನಿಂತಳು. "ಇದೇ. ಕಿವಿ ಹಿಂದೆ ಮಚ್ಚೆ ಐತೆ ನೋಡ್ರಿ." ವಾಣಿಶ್ರೀ ಬಗ್ಗಿ ನೋಡಿದಳು. ಎಳ್ಳಿನಷ್ಟು ಮಚ್ಚೆ ಇತ್ತು.

"ನಿಮ್ಮ ಯಜಮಾನರ ಹೆಸರೇನ್ರಿ?"

ಹುಡುಗಿ ಸೆರಗು ಬಾಯಿಗೆ ತಂದಳು. "ಅಯ್ಯ! ಅದನ್ನ ಹೆಂಗೆ ಹೇಳ್ಲಿ ಅಕ್ಕಾರ?"

"ಹೇಳ್ಬೇಕ್ರಿ."

"ನಮ್ಮವ್ವನ್ನ ಕೇಳ್ರಿ, ಆಕಿ ಹೇಳ್ತಾಳ. ಚಾ ತರಾಕೆ ಹೋಗ್ಯಾಳ."

"ಅಷ್ಟು ಹೊತ್ತಿಲ್ಲಮ್ಮ."

"ಕಾಗದದಾಗ ಬರದೈತಲ್ರೀ. ನೀವೇ ಓದ್ರಿ, ನಾನು ಹೂಂ ಅಂತೀನಿ."

ಕರಿಯವ್ವ ಒರೆಸುವ ಬಟ್ಟೆ ಬಿಟ್ಟು ಎದ್ದಳು. "ಏ ತಂಗೀ, ಹೇಳ್ಬಿಡು. ನಾವೇನು ನಿನ್ನ ಗಂಡಗೆ ಚಾಡಿ ಹೇಳಾಕೆ ಹೊಕ್ಕೀವೇನು?"

"ಅವ್ರ ಆಯುಷ್ಯ ಕಡಿಮೆ ಆಗ್ತೈತಂತ ಅತ್ತಿ ಅಂತಾರ್ರಿ." ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಬಸವಕಿರಣ್ ಫೋನಿಟ್ಟು ಬಂದರು. "ಇನ್ನೂ ಕೊಟ್ಟಿಲ್ವಾ? ಮತ್ತೆ ಫಿಟ್ಸ್ ಬಂದ್ರೆ ಯಾರು ಹೊಣೆ? ಶೀಟ್ ಓದಾಕೆ ಬರಲ್ವೇನ್ರಿ? ಕೊಡ್ರಿ ಇಲ್ಲಿ."

ಅವರು ಕೈ ಚಾಚಿದರು. ಕೊಟ್ಟುಬಿಟ್ಟರೆ ಅಲ್ಲಿಗೆ ಮುಗಿಯಿತು, ಹೊಣೆ ಅವರದು. ವಾಣಿಶ್ರೀ ಸಿರಿಂಜನ್ನು ಎದೆಗೆ ಒತ್ತಿ ಹಿಡಿದುಕೊಂಡಳು. "ಬ್ಯಾಡ್ರಿ ಸರ್. ಆಕಿ ಹೆಸರು ಹೇಳೋವರೆಗೂ ಬ್ಯಾಡ" ಎಂದ ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. ಆಮೇಲೆ ಹುಡುಗಿಯ ಕಡೆ ತಿರುಗಿ ಅವಳ ಕೈ ಹಿಡಿದಳು. "ನಂಗೆ ಗೊತ್ತಾಗ್ತಿಲ್ಲವ್ವ. ನಂಗೆ ಭಾಳ ಹೆದರಿಕೆ ಆಗೈತೆ. ನೀ ಹೇಳ್ಲಿಲ್ಲ ಅಂದ್ರೆ ಈ ಕೂಸಿಗೆ ನಾನೇನು ಮಾಡಿಬಿಡ್ತೀನೋ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಸ್ವಾಮಿಗೆ ತಪ್ಪಾಯಿತೆಂದು ಕೈಮುಗಿದು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಮಾಲತೇಶ್."

ಬಸವಕಿರಣ್ ಸೂರಪ್ಪ ಎಂದಿದ್ದ ಶೀಟು ನೋಡಿದರು, ಪಕ್ಕದ ಶೀಟು ನೋಡಿದರು, ಚಾಚಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

ಅಖ್ತರ್ ಬಾನು ಬರುವ ಹೊತ್ತಿಗೆ ಕರಿಯವ್ವ ಅಳುತ್ತಿದ್ದಳು. ನಾಲ್ಕನೆಯ ತೊಟ್ಟಿಲ ಹೀಟರು ಕೆಟ್ಟಾಗ ಉಸಿರು ನಿಲ್ಲುವ ಅದರ ಕೂಸು ಸಿಸ್ಟರ್ ಮೇಜಿಗೆ ಹತ್ತಿರವಿರಲೆಂದು ಅದನ್ನು ಮೂರಕ್ಕೆ, ಮೂರರದನ್ನು ಐದಕ್ಕೆ ಎತ್ತಿಟ್ಟವಳು ಅವಳೇ. ನಾಲ್ಕರ ಶೀಟನ್ನು ಖಾಲಿ ಇದ್ದ ಐದಕ್ಕೆ ಸಿಕ್ಕಿಸಿದ್ದಳು. ಮೂರರದು ಅಲ್ಲೇ ಉಳಿದಿತ್ತು. "ಎರಡೂ ಕೊಟ್ರಮ್ಮಂದೇ ಅಲ್ಲೇನು ಅಂದ್ಕಂಡೆ ಅಕ್ಕಾ" ಎಂದಳು. ಅಖ್ತರ್ ಬಾನು ಅವಳನ್ನು ಬೈಯಲಿಲ್ಲ. ಶೀಟುಗಳನ್ನು ಸರಿಪಡಿಸಿ, ಔಷಧಿಯನ್ನು ಬಸವಕಿರಣರ ಎದುರು ಮತ್ತೆ ಲೆಕ್ಕ ಹಾಕಿ, ಸೂರಪ್ಪನ ಕೂಸಿಗೆ ತಾವೇ ನಿಂತು ಕೊಡಿಸಿದರು. ಆಮೇಲೆ ವರದಿ ಪುಸ್ತಕ ತೆರೆದು, ಬರೆಯುತ್ತ ಗಟ್ಟಿಯಾಗಿ ಓದಿದರು. "ಕೂಸು ಎತ್ತಿಡು ಅಂತ ಹೇಳಿದ್ದು ನಾನು. ಶೀಟು ನೋಡದೆ ಹೋದದ್ದು ನನ್ನ ತಪ್ಪು." ಕೆಳಗೆ ರುಜು ಹಾಕಿದರು. ಬಸವಕಿರಣ್ ಪೆನ್ನು ಇಸಿದುಕೊಂಡು ಅದರ ಕೆಳಗೆ ತಮ್ಮದೂ ಒಂದು ಸಾಲು ಬರೆದರು.

ತಪ್ಪನ್ನು ಹೀಗೆ ಹಗಲು ಬೆಳಕಿನಲ್ಲಿ ಯಾರಾದರೂ ಹೇಳಿಕೊಳ್ಳುವುದನ್ನು ವಾಣಿಶ್ರೀ ನೋಡಿಯೇ ಇರಲಿಲ್ಲ. ಅವಳು ಬಟ್ಟೆಯ ಬೀರುವಿನ ಹಿಂದೆ ಹೋಗಿ ಬಕೆಟ್ಟಿಗೆ ವಾಂತಿ ಮಾಡಿಕೊಂಡಳು. ತಲೆಯೆತ್ತಿದಾಗ ಅಖ್ತರ್ ಬಾನು ನೀರಿನ ಲೋಟ ಹಿಡಿದು ನಿಂತಿದ್ದರು.

"ಆಯ್ತಾ? ಮುಖ ತೊಳ್ಕಂಡು ಬಾ. ಹನ್ನೆರಡಕ್ಕೆ ಹಾಲು ಕುಡಿಸೋದೈತೆ."

ಶನಿವಾರ ಅವಳು ಮೇಟ್ರನ್ ಎದುರು ನಿಂತಳು.

"ಶಿಶುಗಳ ಕೋಣೆ, ಮೇಡಂ."

ಮೇಟ್ರನ್ ಕನ್ನಡಕದ ಮೇಲಿಂದ ನೋಡಿದರು. "ಕಣ್ಣಿನ ವಿಭಾಗ ಅಂತ ನಿಮ್ಮಪ್ಪಾರು ಫೋನ್ ಮಾಡಿದ್ರಲ್ಲ?"

"ಅವರಿಗೆ ನಾನು ಹೇಳ್ತೀನಿ ಮೇಡಂ."

"ಹೊಸಬರು ಅಲ್ಲಿಂದ ಓಡಿ ಬರ್ತಾರೆ. ನಿಂಗ್ಯಾಕ ಅದು?"

"ಗೊತ್ತಾಗ್ಲಿಲ್ಲ ಅಂದ್ರೆ ಅಲ್ಲಿ ಕೇಳ್ಬಹುದು ಮೇಡಂ. ತಪ್ಪಾದ್ರೆ ಹೇಳ್ಬಹುದು."

"ಹೆದರಿಕೆ ಆಗಲ್ಲೇನು?"

"ಆಗ್ತೈತೆ ಮೇಡಂ. ಈಗ್ಲೂ ಆಗೈತೆ."

ಮೇಟ್ರನ್ ಹೆಸರು ಬರೆದುಕೊಂಡು, ಸೋಮವಾರ ಏಳೂವರೆಗೆ ಬರಲು ತಿಳಿಸಿದರು. ವಾಣಿಶ್ರೀ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಆಮೇಲೆ ಎದ್ದು, ಅಖ್ತರ್ ಬಾನು ಇನ್ನೂ ಡ್ಯೂಟಿಯಲ್ಲಿದ್ದಾರೆಯೇ ಎಂದು ಕಾವಲಿನವನನ್ನು ಕೇಳಿದಳು. ಕಿಟಕಿ ಪಕ್ಕದ ಕೊಟ್ರೇಶನ ವಿಷಯ ಅವರಿಗೆ ಹೇಳುವುದಿತ್ತು. ಸೋಮವಾರ ಕೆಲಸಕ್ಕೆ ಬರುವ ಮೊದಲೇ ಹೇಳಬೇಕಿತ್ತು.