ಗೋದಾ ಅಂಟಿಸಿದ ರೆಕ್ಕೆ

ಚಾಮರಾಜಪೇಟೆಯಲ್ಲಿ ಹುಟ್ಟಿ ಬಸವನಗುಡಿಗೆ ಸೊಸೆಯಾಗಿ ಬಂದ ಗೋದಾಳಿಗೆ ಆ ವರ್ಷ ಎರಡೇ ಚಿಂತೆ. ಮಗಳು ತನ್ಮಯಿ ಹಾಲು ಕುಡಿಯುತ್ತಿರಲಿಲ್ಲ. ಯುದ್ಧವಿಮಾನದ ರೆಕ್ಕೆ ಅಂಟುತ್ತಿರಲಿಲ್ಲ.

ವಿಮಾನ ಕಟ್ಟುವ ಕಚೇರಿಯಲ್ಲಿ ಅವಳು ಇಂಜಿನಿಯರ್. ಕಾರ್ಬನ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಬೇಯಿಸಿ ಮಾಡಿದ ರೆಕ್ಕೆಯ ಹೊದಿಕೆಗೆ ಒಳಗಡೆಯಿಂದ ಪಕ್ಕೆಲುಬಿನಂಥ ಪಟ್ಟಿಗಳನ್ನು ಅಂಟಿಸುವುದು ಅವಳ ವಿಭಾಗದ ಕೆಲಸ. ಬಸುರಿಗೆ ಮಾಡಿದಂತೆಯೇ ರೆಕ್ಕೆಗೂ ಸ್ಕ್ಯಾನಿಂಗ್ ಉಂಟು. ಮೂರು ಸಲವೂ ಸ್ಕ್ಯಾನಿಂಗ್‌ನಲ್ಲಿ ಅದೇ ಮೂಲೆ ಬಿಟ್ಟುಕೊಂಡಿತ್ತು. ಅಂಟು ಬದಲಾಯಿಸಿದರು, ಕಾವು ಬದಲಾಯಿಸಿದರು. ಮೂರೂ ರದ್ದಿಗೆ ಹೋದವು.

ಮಾವ ಚಕ್ರಪಾಣಿ ನಿವೃತ್ತ ಮೇಷ್ಟ್ರು. ಬೆಳಗಾದರೆ ಪೇಪರ್ ಬಿಡಿಸಿಕೊಂಡು ಶುರು.

“ಗೋದಾ, ನಿಮ್ಮ ವಿಮಾನದ ಖರ್ಚು ಎರಡರಷ್ಟಾಯ್ತಂತೆ. ಇನ್ನೂ ನೆಲ ಬಿಟ್ಟಿಲ್ವಂತೆ.”

“ಬಿಡುತ್ತೆ ಮಾವ.”

“ತನ್ಮಯಿ ಮದ್ವೆ ದಿಬ್ಬಣಕ್ಕಾದ್ರೂ ಸಿಗುತ್ತೇನಮ್ಮ?”

ಗೋದಾಳಿಗೆ ನಗು ಬರಲಿಲ್ಲ. ದೆಹಲಿಯಿಂದ ಬಂದ ಸಮಿತಿ ಖಡಾಖಂಡಿತವಾಗಿ ಹೇಳಿಹೋಗಿತ್ತು: ನಾಲ್ಕನೆಯದೂ ಕೆಟ್ಟರೆ ಈ ವಿಭಾಗಕ್ಕೆ ಬೀಗ, ರೆಕ್ಕೆ ಹೊರದೇಶದಿಂದ.

ಅದೇ ಭಾನುವಾರ ತನ್ಮಯಿ ಜಗುಲಿಯಲ್ಲಿ ಬಿದ್ದು ಕೆನ್ನೆ ತರಚಿಕೊಂಡಳು. ಗೋದಾಳ ಜೀವ ಬಾಯಿಗೆ ಬಂತು. ಸೆರಗಿನಿಂದ ಒರೆಸಿ ಬ್ಯಾಂಡೇಡ್ ಹಚ್ಚಿದಳು, ಜಾರಿತು. ಮತ್ತೊಂದು ಹಚ್ಚಿದಳು, ಅದೂ ಜಾರಿತು.

ಅತ್ತೆ ಅಡುಗೆಮನೆಯಿಂದಲೇ ಕೂಗಿದರು: “ದೃಷ್ಟಿಬೊಟ್ಟು ಇಟ್ಟಿದ್ದೆ ಕಣೇ ಅಲ್ಲಿ. ಹರಳೆಣ್ಣೆ ಕಾಡಿಗೆ, ಒರೆಸಿದ್ರೆ ಹೋಗುತ್ತಾ? ಇನ್ನಷ್ಟು ಹರಡುತ್ತೆ.”

ಗೋದಾ ಜಾರಿದ ಪಟ್ಟಿಯನ್ನು ತಿರುವಿ, ಅದರ ಅಂಟಿಗೆ ಮೆತ್ತಿದ ಕಪ್ಪನ್ನೇ ನೋಡುತ್ತ ನಿಂತುಬಿಟ್ಟಳು.

ಮರುದಿನ ಆಫೀಸಿಗೆ ಹೋದವಳೇ ಹೊಸ ಯಂತ್ರ ಬಂದರೂ ದೃಷ್ಟಿ ತೆಗೆಯುವ ಹಿರಿಯ ಕೆಲಸಗಾರ ಮುನಿರಾಮಪ್ಪನನ್ನು ಪಕ್ಕಕ್ಕೆ ಕರೆದಳು. “ಮುನಿರಾಮಪ್ಪನವರೇ, ನಿಜ ಹೇಳಿ. ರೆಕ್ಕೆಗೆ ಬೊಟ್ಟು ಇಟ್ಟಿದ್ರಾ?”

ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. “ತೊಳ್ದು ಶುದ್ಧ ಮಾಡಿದ್ ಮೇಲೆ, ಒಳಗಡೆ ಮೂಲೇಲಿ ಮೇಡಂ, ಯಾರ್ಗೂ ಕಾಣ್ದಂಗೆ. ಕಿರುಬೆರಳಷ್ಟೇ. ಪೇಪರ್ನೋರ ಕಣ್ಣೆಲ್ಲಾ ಇದ್ರ ಮೇಲೇ ಅಲ್ವಾ? ಅಂಟು ಹಾಕೋ ಮುಂಚೆ ಬಟ್ಟೇಲಿ ಒರೆಸ್ಬಿಡ್ತಿದ್ದೆ.”

ಬೈಯಬೇಕೆಂದೇ ಬಂದಿದ್ದಳು. ಆದರೆ ಆ ಬೆಳಿಗ್ಗೆ ತಾನೇ ಮಗಳ ಇನ್ನೊಂದು ಕೆನ್ನೆಗೆ ದೊಡ್ಡ ಬೊಟ್ಟಿಟ್ಟು ಬಂದ ತಾಯಿ ಅವಳು.

“ನಾನೂ ಇಡ್ತೀನಿ. ಆದ್ರೆ ಎಣ್ಣೆ ಕಾಡಿಗೆ ಮೇಲೆ ಅಂಟು ಹಿಡಿಯಲ್ಲ, ನಿನ್ನೆ ಮಗಳ ಕೆನ್ನೇಲೇ ನೋಡ್ದೆ! ಈ ಸಲ ಬಾಗಿಲಿಗೆ ಇಡಿ.”

ನಾಲ್ಕನೇ ಸಲ ಷೆಡ್ಡಿನ ಬಾಗಿಲಿಗೆ ನಿಂಬೆಹಣ್ಣಿನಷ್ಟು ದಪ್ಪ ಕಾಡಿಗೆ ಬಿತ್ತು. ರೆಕ್ಕೆಯ ಹತ್ತಿರ ಬರುವವರೆಲ್ಲರ ಕೈಯನ್ನೂ ಗೋದಾ ನಿಂತು ತೊಳೆಸಿದಳು. ಸ್ಕ್ಯಾನಿಂಗ್ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಳು. ಆ ಮೂಲೆ ಬಂತು, ಹೋಯಿತು. ಎಲ್ಲೂ ಒಂದು ಕಲೆಯಿಲ್ಲ.

ಹಿಂದಿನಿಂದ ಮುನಿರಾಮಪ್ಪ ಪಿಸುಗುಟ್ಟಿದ: “ಮಗು ಹೆಂಗಿದೆ ಮೇಡಂ?”

“ಕೈಕಾಲೆಲ್ಲಾ ನೆಟ್ಟಗಿದೆ!” ಎಂದವಳ ಕಣ್ಣಲ್ಲಿ ನೀರು.

ವಿಭಾಗಕ್ಕೆ ಬೀಗ ಬೀಳಲಿಲ್ಲ. ಆಮೇಲೂ ಎಣ್ಣೆ ಸೋರಿತು, ಕಂಪ್ಯೂಟರ್ ಮುನಿಸಿಕೊಂಡಿತು, ವರ್ಷ ಉರುಳಿತು. ಕೊನೆಗೆ ಚಳಿಗಾಲದ ಒಂದು ಬೆಳಿಗ್ಗೆ ವಿಮಾನ ಓಡಿತು, ಮೂಗೆತ್ತಿತು, ನೆಲ ಬಿಟ್ಟಿತು. ಓಡುದಾರಿಯ ಪಕ್ಕ ಮುನಿರಾಮಪ್ಪ ಟೋಪಿಯನ್ನೇ ಗಾಳಿಗೆ ತೂರಿದ. ಗೋದಾ ಮಾತ್ರ ಅದು ಸುತ್ತು ಹಾಕಿ ಚಕ್ರ ನೆಲಕ್ಕೆ ತಾಗುವವರೆಗೆ ರೆಪ್ಪೆ ಮಿಟುಕಿಸಲಿಲ್ಲ. ತಾಗಿದ್ದೇ, ಸುತ್ತಲಿದ್ದವರು ತಿರುಗಿ ನೋಡುವಂತೆ ಸಿಳ್ಳೆ ಹಾಕಿದಳು.

ಮರುದಿನ ಮಾವ ಗೇಟಿನಲ್ಲಿ ನಿಂತು, ಹೋಗಿಬರುವವರನ್ನೆಲ್ಲ ತಡೆದು ಪೇಪರ್ ತೋರಿಸುತ್ತಿದ್ದರು. “ನೋಡಿದ್ರಾ? ಆ ರೆಕ್ಕೆ ನಮ್ಮ ಸೊಸೇದು!”

ಒಳಗೆ ಅತ್ತೆ ಕಾಡಿಗೆ ಭರಣಿ ಹಿಡಿದು ಬಂದರು. “ಊರ ಕಣ್ಣೆಲ್ಲಾ ನಿನ್ ಮೇಲಿದೆ. ಬಾರೇ ಇಲ್ಲಿ.”

ಗೋದಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ಕೆನ್ನೆ ಒಡ್ಡಿದಳು. “ಎಷ್ಟು ದೊಡ್ಡದು ಬೇಕಾದ್ರೂ ಇಡಿ ಅತ್ತೆ. ಕೈಗೆ ಮಾತ್ರ ತಾಗಿಸ್ಬೇಡಿ. ಇವತ್ತು ಎರಡನೇ ವಿಮಾನದ ರೆಕ್ಕೆ ಅಂಟಿಸ್ಬೇಕು.”