ಬೆಳಿಗ್ಗೆ ಏಳಕ್ಕೇ ಬಿಸಿಯಾಗಿದ್ದ ಎಂಜಿನ್

ಹನ್ನೆರಡು ವರ್ಷ ಹಳೆಯ ಡೀಸೆಲ್ ಕಾರೊಂದನ್ನು ನೋಡಲು ನಾನು ಬೆಳಿಗ್ಗೆ ಏಳಕ್ಕೇ ಕುಮಾರಸ್ವಾಮಿ ಲೇಔಟಿಗೆ ಹೋಗಿದ್ದೆ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆಂದು ನೋಡಬೇಕು, ನಾನು ಬರುವವರೆಗೆ ಮುಟ್ಟಬೇಡಿ ಎಂದು ಹಿಂದಿನ ದಿನವೇ ಮಾಲೀಕರಿಗೆ ಫೋನಿನಲ್ಲಿ ಹೇಳಿದ್ದೆ.

ಮಾಲೀಕರಿಗೆ ಅರವತ್ತರ ಆಸುಪಾಸು. ಕಾರನ್ನು ತೊಳೆದು ಗೇಟಿನ ಮುಂದೆ ನಿಲ್ಲಿಸಿದ್ದರು. ಮಾತನಾಡುತ್ತಲೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ.

"ಬಿಸಿ ಇದೆಯಲ್ಲ ಸಾರ್?"

"ಬಿಸಿಲಲ್ಲಿ ನಿಂತಿತ್ತು ಮೇಡಂ, ಅದಕ್ಕೆ."

ಬಿಸಿಲು ಇನ್ನೂ ಎದುರು ಮನೆಯ ನೀರಿನ ಟ್ಯಾಂಕಿನಿಂದ ಕೆಳಗಿಳಿದಿರಲಿಲ್ಲ.

ಅವರು ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯ ಸುಳಿವಿಲ್ಲ. "ಸಖತ್ತಾಗಿದೆ ನೋಡಿ!" ಎಂದರು. ಎಂಜಿನ್ ಮೊದಲೇ ಬಿಸಿಯಾಗಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗುವುದಿಲ್ಲ; ನನ್ನ ಅನುಮಾನ ಇನ್ನಷ್ಟು ಬಲವಾಯಿತು.

"ಆಫ್ ಮಾಡಿ ಸಾರ್. ಪೂರ್ತಿ ತಣ್ಣಗಾಗೋವರೆಗೂ ಕಾಯ್ತೀನಿ," ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

"ಅದಕ್ಕೆ ಮಧ್ಯಾಹ್ನ ಆಗತ್ತೆ ಮೇಡಂ!"

"ಪರವಾಗಿಲ್ಲ, ಇವತ್ತು ರಜೆ."

ಅರ್ಧ ಗಂಟೆಯ ನಂತರ ಅವರ ಹೆಂಡತಿ ಕಾಫಿ ತಂದುಕೊಟ್ಟು, ಯಾಕೆ ಕಾಯುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಆಕೆ ಗಂಡನ ಕಡೆ ತಿರುಗಿದರು.

"ಹೇಳ್ಬಿಡಿ ರೀ. ಪಾಪ, ಎಷ್ಟೊತ್ತು ಕೂರ್ತಾರೆ?"

ಆತ ಕಾರಿನ ಗಾಜು ಒರೆಸತೊಡಗಿದರು. ಆಕೆಯೇ ಹೇಳಿದರು: "ದಿನಾ ಐದಾರು ಸಲ ಕೀಲಿ ತಿರುಗಿಸಿದ್ರೇನೇ ಸ್ಟಾರ್ಟ್ ಆಗೋದು. ಬೀದಿ ತುಂಬಾ ಬಿಳಿ ಹೊಗೆ. ನೀವು ಬರ್ತೀರಾ ಅಂತ ಇವತ್ತು ಆರಕ್ಕೇ ಎದ್ದು ಓಡಿಸ್ಕೊಂಡು ಬಂದ್ರು."

ನಾನು ಆ ಕಾರನ್ನು ಕೊಳ್ಳಲಿಲ್ಲ. ಹೊರಡುವಾಗ ಆಕೆಗೆ ಮನಸಾರೆ ಥ್ಯಾಂಕ್ಸ್ ಹೇಳಿದೆ. ಸುಳ್ಳು ಹೇಳಿದ್ದು ಆತ, ಆದರೂ ಆತನ ಮುಖ ನೋಡಲು ನನಗೇ ಮುಜುಗರವಾಯಿತು.